ನೆರೆಯ ಫೋಟೊಗೆ ನೆರಳೇ ಸಾಕ್ಷಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳು ಮುಳುಗಿದವು. ಅಂಥ ದಿನಗಳಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಒಂದು ಹೆಲಿಕಾಪ್ಟರ್ ಫೋಟೊ ಜನರಿಗೆ ದೊಡ್ಡ ಭರವಸೆ. ಅದು ಎಲ್ಲಿಯದೋ ಹಳೆಯ ಚಿತ್ರವಾಗಿದ್ದರೆ, ದೋಣಿ ಹತ್ತಬೇಕಾದವರು ಮಾಳಿಗೆಯ ಮೇಲೆಯೇ ಕಾಯುತ್ತ ಉಳಿಯುತ್ತಾರೆ. ಅಂಥ ಫೋಟೊವನ್ನು ಪರೀಕ್ಷಿಸಲು ಫ್ಲೈಟ್ ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಕಂಪ್ಯೂಟರ್ ಆಟ, ಒಳ್ಳೆಯ ಸಾಧನ. ಫೋಟೊ ನಿಜವೆಂದು ಅದು ಸಾಧಿಸಿಕೊಡದು, ಆದರೆ ಸುಳ್ಳಾಗಿದ್ದರೆ ಹಿಡಿದುಕೊಡಬಲ್ಲದು.

ಮಿ-17 ಹೆಲಿಕಾಪ್ಟರಿನ ಮೇಲಿನ ರೋಟರ್ ಸುಮಾರು 21 ಮೀಟರ್ ಅಗಲ. ಮೊಬೈಲಿನ 26 ಮಿ.ಮೀ. ಎನ್ನಲಾಗುವ ಮಾಮೂಲಿ ಲೆನ್ಸಿನಲ್ಲಿ ಅದು ಚಿತ್ರದ ಅಗಲದ 40ನೇ ಒಂದು ಪಾಲು ಕಂಡರೆ, ಹೆಲಿಕಾಪ್ಟರ್ ಸುಮಾರು 600 ಮೀಟರ್ ದೂರದಲ್ಲಿದೆ ಎಂದರ್ಥ. ಸಿಮ್ಯುಲೇಟರಿನಲ್ಲಿ ಅದೇ ಹೆಲಿಕಾಪ್ಟರನ್ನು ಕುಡಚಿ ಬಳಿಯ ಸೇತುವೆಯ ಮೇಲೆ ಅಷ್ಟೇ ದೂರಕ್ಕೆ ನಿಲ್ಲಿಸಿ ಎರಡೂ ಚಿತ್ರಗಳನ್ನು ಹೋಲಿಸಬಹುದು. ಇದಕ್ಕಿಂತ ಗಟ್ಟಿ ಸಾಕ್ಷಿ ಸೂರ್ಯನದು; ಸಿಮ್ಯುಲೇಟರಿಗೆ ಊರು, ದಿನಾಂಕ, ಹೊತ್ತು ಕೊಟ್ಟರೆ ಅದೂ ಸಿಗುತ್ತದೆ. ಅಥಣಿ ಸೀಮೆಯಲ್ಲಿ ಆಗಸ್ಟ್ ಮೊದಲ ವಾರ, ಮಧ್ಯಾಹ್ನ ಹನ್ನೆರಡೂವರೆ ದಾಟುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ಆರಡಿ ಆಳಿನ ನೆರಳು ಉತ್ತರಕ್ಕೆ ಸುಮಾರು ಐದಡಿ ಚಾಚುತ್ತದೆ. ಆಗಸ್ಟ್‌ನಲ್ಲೂ ಅಷ್ಟುದ್ದದ ನೆರಳು ಬಿದ್ದೀತು, ಆದರೆ ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆಯ ಕಡೆಗೆ ಪೂರ್ವಕ್ಕೆ. ಸೇತುವೆಯಿಂದ ದಿಕ್ಕು ಗೊತ್ತಾದರೆ ಸಾಕು: ನೆರಳು ಉತ್ತರಕ್ಕೆ ಉದ್ದವಾಗಿ ಬಿದ್ದಿದ್ದರೆ ಅದು ಆ ನೆರೆಯ ಫೋಟೊ ಅಲ್ಲ.

ಆಟದ ಸಾಫ್ಟ್‌ವೇರನ್ನು ಸಾಕ್ಷಿಕಟ್ಟೆಗೆ ಹತ್ತಿಸುವುದೇ ಎಂದು ಕೇಳುವವರಿದ್ದಾರೆ. 2022ರಲ್ಲಿ ಉಕ್ರೇನಿನ ವೀರ ಪೈಲಟ್ ಎಂದು ಜಗತ್ತೆಲ್ಲ ಹರಿದಾಡಿದ ದೃಶ್ಯ ಸಿಮ್ಯುಲೇಟರಿನಲ್ಲೇ ತಯಾರಾದದ್ದು, ನಿಜ. ಆದರೆ ನಾವು ಇಲ್ಲಿ ನಂಬುವುದು ಅದರ ಚಿತ್ತಾರವನ್ನಲ್ಲ, ಅದರೊಳಗಿನ ತ್ರಿಕೋನಮಿತಿಯನ್ನು. ಅಮೆರಿಕದ ನೌಕಾಪಡೆಯ ಒಂದು ವಿಡಿಯೊದಲ್ಲಿ ಸಮುದ್ರಕ್ಕೆ ಅಂಟಿಕೊಂಡು ಮಹಾವೇಗದಲ್ಲಿ ಓಡುವಂತೆ ಕಾಣುವ ವಸ್ತುವನ್ನು 2023ರಲ್ಲಿ ನಾಸಾದ ತಜ್ಞರ ತಂಡ ಪರದೆಯ ಮೇಲಿನ ಅಂಕಿಗಳಿಂದಲೇ ಅಳೆಯಿತು. ಅದು ಸುಮಾರು 13,000 ಅಡಿ ಎತ್ತರದಲ್ಲಿ, ಗಂಟೆಗೆ 40 ಮೈಲಿಯಷ್ಟು ವೇಗದಲ್ಲಿತ್ತು. ಆ ಲೆಕ್ಕ ನಮ್ಮ ಪಿಯುಸಿ ಗಣಿತಕ್ಕೆ ಹೊರತಾದದ್ದಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಸಿಮ್ಯುಲೇಟರ್ ತೋರಿಸುವ ಚಿಕ್ಕೋಡಿಯ ಮನೆ, ಕಬ್ಬಿನ ಗದ್ದೆಗಳಲ್ಲಿ ಹೆಚ್ಚಿನವು ಕಂಪ್ಯೂಟರಿನ ಊಹೆ, ಅಲ್ಲಿನ ಕೃಷ್ಣೆಯೂ ನೆರೆಯ ಕೃಷ್ಣೆಯಲ್ಲ. ಆದ್ದರಿಂದ ದಂಡೆಯನ್ನು ನಂಬಬಾರದು, ಅಕ್ಷಾಂಶ, ನೆಲದ ಏರಿಳಿತ, ಸೇತುವೆಯ ದಿಕ್ಕು ಇಷ್ಟನ್ನೇ ಹಿಡಿಯಬೇಕು. ಫಾರ್ವರ್ಡ್ ಆಗುತ್ತ ಅಂಚು ಕತ್ತರಿಸಿಹೋದ ಫೋಟೊದಲ್ಲಿ ಲೆನ್ಸಿನ ಲೆಕ್ಕ ಕೆಡುತ್ತದೆ, ನೆರಳಿನ ದಿಕ್ಕು ಕೆಡುವುದಿಲ್ಲ. ಮೋಡ ಕವಿದು ನೆರಳೇ ಬೀಳದಿದ್ದರೆ ಮಾತ್ರ ತೀರ್ಪು ಕೊಡದೆ, ತಹಶೀಲ್ದಾರರ ಕಚೇರಿಗೆ ಫೋನ್ ಮಾಡಿ ಕೇಳುವುದೇ ಸರಿ.