ಇರಾಕಿನ ಅನ್ನದ್ರವ್ಯಾಪಹಾರ: ಒಂದು ನ್ಯಾಯವಿಚಾರ

ಆರ್ತರಿಗೆಂದು ಮೀಸಲಾದ ಅನ್ನವನ್ನು ಅಪಹರಿಸುವುದು ಪಾತಕವೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ನ್ಯಾಯಾಸ್ಥಾನವು ವಿಚಾರಿಸುವುದು ಪಾತಕವನ್ನಲ್ಲ, ಅಪರಾಧವನ್ನು. ಅಪರಾಧಕ್ಕೆ ಹೆಸರೊಂದು ಬೇಕು, ಮಾಡಿದವನು ಬೇಕು, ನಷ್ಟಪಟ್ಟವನು ಮುಂದೆ ಬಂದು ನಿಲ್ಲಬೇಕು. ಇವು ಮೂರೂ ಒಂದೆಡೆ ದೊರೆಯುವುದು ಎಷ್ಟು ದುರ್ಲಭವೆಂಬುದಕ್ಕೆ ಇರಾಕಿನ ‘ಆಹಾರಕ್ಕಾಗಿ ತೈಲ’ ಯೋಜನೆಯ ವೃತ್ತಾಂತವೇ ನಿದರ್ಶನ.

1990ರಲ್ಲಿ ಕುವೈತನ್ನು ಆಕ್ರಮಿಸಿದ ಇರಾಕಿನ ಮೇಲೆ ವಿಶ್ವಸಂಸ್ಥೆಯು ವಾಣಿಜ್ಯನಿರ್ಬಂಧವನ್ನು ವಿಧಿಸಿತು. ಅದರಿಂದ ಪ್ರಜೆಗಳು ಅನ್ನೌಷಧಗಳಿಲ್ಲದೆ ಬಳಲಿದುದರಿಂದ, 1995ರ 986ನೆಯ ನಿರ್ಣಯದಂತೆ ತೈಲವನ್ನು ಮಾರಿ, ಬಂದ ಹಣವನ್ನು ವಿಶ್ವಸಂಸ್ಥೆಯ ಅಧೀನದ ಖಾತೆಯಲ್ಲಿರಿಸಿ, ಅದರಿಂದ ಧಾನ್ಯವನ್ನೂ ಔಷಧವನ್ನೂ ಕೊಳ್ಳಲು ಅನುಮತಿಯಾಯಿತು. 1996ರ ಡಿಸೆಂಬರಿನಿಂದ 2003ರವರೆಗೆ ಸುಮಾರು 6,400 ಕೋಟಿ ಡಾಲರುಗಳ ತೈಲವು ಹೀಗೆ ಮಾರಾಟವಾಯಿತು.

ಮಾರುವವರನ್ನು ಆರಿಸುವ ಅಧಿಕಾರವು ಬಾಗ್ದಾದಿನ ಸರ್ಕಾರಕ್ಕೇ ಇದ್ದಿತು. ಮೋಸದ ಬೀಜವೂ ಅಲ್ಲಿಯೇ. ವರ್ತಕನು ಒಪ್ಪಂದದ ಮೊತ್ತದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟನ್ನು ‘ಮಾರಾಟೋತ್ತರ ಸೇವೆ’ಯ ಹೆಸರಿನಲ್ಲಿ ಗುಟ್ಟಾಗಿ ಹಿಂದಿರುಗಿಸಬೇಕಾಗಿದ್ದಿತು. (ತಿಂದು ತೀರುವ ಗೋದಿಗೆ ಮಾರಾಟೋತ್ತರ ಸೇವೆಯೆಂತಹುದೋ!) ಅಷ್ಟನ್ನೇ ಆತನು ಮೊದಲು ಬೆಲೆಗೆ ಸೇರಿಸಿಕೊಳ್ಳುತ್ತಿದ್ದನು. ಆದುದರಿಂದ ವರ್ತಕನಿಗೆ ನಷ್ಟವಿಲ್ಲ, ಅರಸನಿಗೆ ಲಾಭ. ಕಡಮೆಯಾದುದು ಹಸಿದವರ ಖಾತೆಯ ಹಣವೊಂದೇ. ಪಾಲ್ ವೋಲ್ಕರರ ವಿಚಾರಣಾಮಂಡಲಿಯು 2005ರಲ್ಲಿ ಇಂತಹ ಪಾವತಿಗಳನ್ನೂ ತೈಲದ ಮೇಲಿನ ಗುಪ್ತಶುಲ್ಕವನ್ನೂ ಕೂಡಿಸಿ 180 ಕೋಟಿ ಡಾಲರುಗಳೆಂದು ಎಣಿಸಿತು. ಕೊಟ್ಟ ಸಂಸ್ಥೆಗಳು 2,200ಕ್ಕೂ ಹೆಚ್ಚು. ಆದರೆ ಆ ಮಂಡಲಿಗೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರವಿರಲಿಲ್ಲ, ಶಿಕ್ಷಿಸುವ ಅಧಿಕಾರವಂತೂ ಮೊದಲೇ ಇಲ್ಲ.

ಶಿಕ್ಷೆಯು ಆಯಾ ದೇಶದ ಪಾಲಿಗೆ ಬಂದಿತು. ಒಂದೇ ಕೃತ್ಯವು ಒಂದೊಂದು ಕಡೆ ಒಂದೊಂದು ಹೆಸರನ್ನು ತಳೆಯಿತು. ಅಮೆರಿಕದಲ್ಲಿ ಹಲವು ಸಂಸ್ಥೆಗಳ ಮೇಲೆ ಬಂದುದು ಸುಳ್ಳು ಲೆಕ್ಕದ ದೋಷ. ಇಂಗ್ಲೆಂಡಿನಲ್ಲಿ 2009ರಲ್ಲಿ ಸೇತುವೆಗಳನ್ನು ಕಟ್ಟುವ ಮೇಬಿ ಅಂಡ್ ಜಾನ್ಸನ್ ಸಂಸ್ಥೆಯು ಒಪ್ಪಿಕೊಂಡುದು ನಿರ್ಬಂಧೋಲ್ಲಂಘನವನ್ನು. ಆಸ್ಟ್ರೇಲಿಯದ ಗೋದಿಮಂಡಲಿಯು ಸಾಗಾಣಿಕೆಯ ವೆಚ್ಚವೆಂದು ಕೊಟ್ಟುದು 22 ಕೋಟಿ ಡಾಲರುಗಳಿಗೂ ಹೆಚ್ಚು. 2006ರ ಕೋಲ್ ಆಯೋಗದ ವರದಿಯ ತರುವಾಯ ಅದರ ಮುಖ್ಯಸ್ಥರು ದಂಡ ತೆತ್ತುದು ನಿರ್ದೇಶಕರ ಕರ್ತವ್ಯಲೋಪಕ್ಕಾಗಿ. ಹಸಿದವರ ಅನ್ನದ ಕಳವೆಂಬ ಶೀರ್ಷಿಕೆಯು ಇವುಗಳಲ್ಲಿ ಒಂದರಲ್ಲಿಯೂ ಇಲ್ಲ. ಪರಿಹಾರಸಾಮಗ್ರಿಯನ್ನು ಬೇರೆಡೆಗೆ ತಿರುಗಿಸಕೂಡದೆಂಬ 1949ರ ಜಿನೀವಾ ಒಪ್ಪಂದದ 60ನೆಯ ವಿಧಿಯಾದರೋ ನೆಲವನ್ನಾಕ್ರಮಿಸಿದ ಪರರಾಜ್ಯವನ್ನು ಕುರಿತದ್ದು. ಇಲ್ಲಿ ಅಪಹರಿಸಿದುದು ಸ್ವಂತ ಸರ್ಕಾರ.

ಈ ಕೊನೆಯ ತೊಡಕೇ ಎಲ್ಲಕ್ಕಿಂತ ಗಹನವಾದುದು. ಸದ್ದಾಮ್ ಹುಸೇನನ ಪತನಾನಂತರ, 2008ರಲ್ಲಿ ಇರಾಕ್ ಗಣರಾಜ್ಯವು ನ್ಯೂಯಾರ್ಕಿನಲ್ಲಿ ಅನೇಕ ಸಂಸ್ಥೆಗಳ ಮೇಲೆ ನಷ್ಟಪರಿಹಾರದ ದಾವೆ ಹೂಡಿತು. 2013ರಲ್ಲಿ ಅದು ವಜಾ ಆಯಿತು. ಹಿಂದಿನ ಸರ್ಕಾರದ ಕೃತ್ಯವು ರಾಜ್ಯದ್ದೇ ಕೃತ್ಯ, ವಾದಿಯೂ ಸಮಾನದೋಷಿ, ದೋಷಿಗೆ ಪರಿಹಾರವಿಲ್ಲ ಎಂಬುದು ಮುಖ್ಯ ಕಾರಣ. ನಮ್ಮ ದಾನಶಾಸನಗಳ ಶಾಪಾಶಯವು ತಾನಿತ್ತುದನ್ನು ತಾನೇ ಕಸಿದವನನ್ನೂ ಬಿಡುವುದಿಲ್ಲವೆಂಬುದು ಇಲ್ಲಿ ನೆನಪಿಗೆ ಬರುತ್ತದೆ. ರಾಜ್ಯವೂ ಅದರ ಆಳರಸನೂ ಒಂದೇ ಎಂಬ ನ್ಯಾಯವು ತರ್ಕಕ್ಕೆ ಒಪ್ಪುವಂತಹುದಿರಬಹುದು. ಆದರೆ ಆ ಅರಸನಿಂದಲೇ ವಂಚಿತರಾದ ಪ್ರಜೆಗಳಿಗೆ ಪ್ರತ್ಯೇಕವಾದ ಸ್ಥಾನವನ್ನು ಅದು ಉಳಿಸಲಿಲ್ಲ. 2014ರಲ್ಲಿ ಮೇಲಣ ನ್ಯಾಯಾಸ್ಥಾನವು ತೀರ್ಪನ್ನು ಎತ್ತಿಹಿಡಿಯಿತು. ಮೂವರಲ್ಲಿ ಒಬ್ಬ ನ್ಯಾಯಾಧೀಶರು ಮಾತ್ರ ಭಾಗಶಃ ಭಿನ್ನಮತವನ್ನು ಬರೆದಿಟ್ಟರು.