ನಮ್ಮ ಹೊಲದ ಬುರುಡೆ, ಮಿರಜಿನ ತಂಬೂರಿ

ಸಂಗೀತದ ಕಛೇರಿಯಲ್ಲಿ ನಾವೆಲ್ಲ ಗಾಯಕರ ಮುಖವನ್ನೇ ನೋಡುತ್ತ ಕುಳಿತಿರುತ್ತೇವೆ. ಅವರ ಹಿಂದೆ ತಂಬೂರಿ ಮೀಟುವವರತ್ತ ನಮ್ಮ ಕಣ್ಣು ಹೊರಳುವುದು ಅಪರೂಪ. ಆ ತಂಬೂರಿಯನ್ನು ಮಾಡಿದವರಾರೆಂದು ಕೇಳುವುದಂತೂ ಇಲ್ಲವೇ ಇಲ್ಲ. ದುಧನಿ, ಅಕ್ಕಲಕೋಟೆಗಳ ನಾವು ಮಾತ್ರ ಈ ಪ್ರಶ್ನೆಯನ್ನು ಕೇಳಲೇಬೇಕು. ಏಕೆಂದರೆ ಮಿರಜಿನಲ್ಲಿ ಸಿದ್ಧವಾಗುವ ಆ ವಾದ್ಯದ ಬುರುಡೆ ಬೆಳೆಯುವುದು ನಮ್ಮ ಸೊಲ್ಲಾಪುರ ಜಿಲ್ಲೆಯ ಹೊಲಗಳಲ್ಲಿ.

ಪಂಢರಪುರ, ಮಂಗಳವೇಡೆಗಳ ಸುತ್ತಿನ ಭೀಮಾತೀರದ ರೈತರು ಒಂದು ಬಗೆಯ ದೊಡ್ಡ ಸೋರೆಯನ್ನು ಬೆಳೆಯುತ್ತಾರೆ. ಅದು ಕಹಿ, ಪಲ್ಯಕ್ಕೆ ಬಾರದು. ಕಾಯಿ ಒಂದು ಮಗ್ಗುಲಿಗೆ ಒರಗಿ ಚಪ್ಪಟೆಯಾಗದಂತೆ ನೋಡಿಕೊಳ್ಳಬೇಕು. ಬಲಿತ ಮೇಲೆ ತಿಂಗಳುಗಟ್ಟಲೆ ಒಣಗಿಸಬೇಕು. ಅಕಾಲದ ಮಳೆ ಬಂದರೆ ಕಾಯಿ ಕೊಳೆತು ಶ್ರಮವೆಲ್ಲ ಮಣ್ಣುಪಾಲು. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿ ಕಲ್ಪಿಸಿದ ವಚನದಲ್ಲಿ ಶಿರಸ್ಸಿಗೆ ಸೋರೆಯೇ ಉಪಮಾನವಾಗಿರುವುದನ್ನು ನಾವು ಬಲ್ಲೆವು. ಅವರ ಹೆಸರಿನೊಡನೆ ಬೆಸೆದಿರುವ ಮಂಗಳವೇಡೆಯ ನೆಲದಲ್ಲಿ ಸೋರೆಯ ಬಳ್ಳಿ ಇಂದಿಗೂ ಹಬ್ಬುತ್ತಿದೆ.

ಈ ಬುರುಡೆಗಳನ್ನು ಕೊಳ್ಳುವ ಮಿರಜಿನ ಮನೆತನಗಳು ಮೂಲತಃ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರರವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಆಳಿಕೆ ನೆಲೆಗೊಂಡು ಕತ್ತಿ ಕಠಾರಿಗಳಿಗೆ ಬೇಡಿಕೆ ತಗ್ಗಿದಾಗ ಅವರು ತಂತಿವಾದ್ಯಗಳತ್ತ ತಿರುಗಿದರು. ಈ ಕಸಬಿನ ಮೂಲಪುರುಷರೆಂದು ಫರೀದಸಾಹೇಬರನ್ನು ಇಂದಿಗೂ ನೆನೆಯುತ್ತಾರೆ. ಕೆಲವು ಮನೆತನಗಳ ಅಡ್ಡಹೆಸರೇ ‘ಸತಾರಮೇಕರ’ ಎಂದಾಗಿದೆ.

ಅವರ ಕೆಲಸಕ್ಕೆ ಅವಸರವೆಂಬುದು ಒಗ್ಗದು. ಒಣಗಿದ ಬುರುಡೆಯ ಬಾಯಿ ಕತ್ತರಿಸಿ, ತಿರುಳು ಬೀಜಗಳನ್ನು ತೆಗೆದು, ನೀರಿನಲ್ಲಿ ನೆನೆಸಿ ಮೆದುಮಾಡುತ್ತಾರೆ; ಒಳಗೆ ಕಡ್ಡಿಗಳನ್ನು ಆನಿಸಿ ಬೇಕಾದ ಆಕಾರಕ್ಕೆ ತರುತ್ತಾರೆ. ಅದು ಮತ್ತೆ ಒಣಗಿದ ಬಳಿಕ ಹಗುರವಾದ ಮರದ ಕತ್ತು, ದಂಡಿ ಹಾಗೂ ಮೇಲ್ಹಲಗೆಗಳ ಜೋಡಣೆ, ಕೆತ್ತನೆ, ಮೆರುಗು. ಕೊನೆಯಲ್ಲಿ ಬರುವುದು ಜವಾರಿ. ತಂತಿಗಳು ಹಾಯುವ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜುತ್ತ, ಮೀಟಿ ಆಲಿಸುತ್ತ, ಮತ್ತೆ ಉಜ್ಜುವ ಕೆಲಸವದು. ಅದು ಕೂಡಿಬಂದಾಗ ಒಂದೇ ತಂತಿಯಿಂದ ಅನೇಕ ಸ್ವರಗಳು ಹೊಮ್ಮಿದಂತಾಗುತ್ತದೆ. ಇದಕ್ಕೆ ಅಳತೆಪಟ್ಟಿಯಿಲ್ಲ, ಕಿವಿಯೇ ಅಳತೆ.

ಮಿರಜಿನಲ್ಲಿಯೇ ನೆಲಸಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಂಖಾನರು 1937ರಲ್ಲಿ ತೀರಿಕೊಂಡರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರು. ಮರಾಠಿ ಸೀಮೆಯ ಊರಿನಲ್ಲಿ ಬೇರೂರಿದ ಗಾನ ಕನ್ನಡ ಕಂಠಗಳಲ್ಲಿ ಹೀಗೆ ಅರಳಿತು. ಶ್ರುತಿಗೆ ಗಡಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಂಥ ಕಥೆ ನಮ್ಮಲ್ಲಷ್ಟೇ ನಡೆದುದಲ್ಲ. ಇಂದಿನ ಪಿಟೀಲಿನ ಕಮಾನಿಗೆ ರೂಪ ಕೊಟ್ಟ ಪ್ಯಾರಿಸಿನ ಫ್ರಾನ್ಸ್ವಾ ತೂರ್ತ್ ಮೊದಲು ಕಲಿತದ್ದು ಗಡಿಯಾರದ ಕೆಲಸ. ಅವರು 1835ರಲ್ಲಿ ಕಾಲವಾದರು. ಬ್ರೆಜಿಲಿನ ಪೆರ್ನಂಬುಕೊ ಮರದ ಕಡ್ಡಿಯನ್ನು ಬಿಸಿಯಲ್ಲಿ ಬಾಗಿಸಿ, ಕುದುರೆಯ ಬಾಲದ ಕೂದಲನ್ನು ಹೂಡುವ ಆ ಫ್ರೆಂಚ್ ಪದ್ಧತಿಯನ್ನು ಕುಶಲಕರ್ಮಿಗಳು ಇಂದಿಗೂ ಅನುಸರಿಸುತ್ತಾರೆ. ಆದರೆ ಆ ಮರವೇ ವಿರಳವಾಗಿ, 2007ರಿಂದ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಿದೆ. ಕೈಚಳಕ ಎಷ್ಟಿದ್ದರೇನು, ಗಿಡ ಬಳ್ಳಿಗಳು ಕೈಬಿಟ್ಟರೆ ಕಸಬು ನಿಲ್ಲುವುದು ಹೇಗೆ?

ಮಿರಜಿನ ಸಿತಾರ ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಸಂತೋಷದ ಮಾತು. ಆದರೆ ಮನ್ನಣೆಯ ಪತ್ರದಿಂದ ಬಳ್ಳಿ ಹಬ್ಬುವುದಿಲ್ಲ. ಕಬ್ಬನ್ನು ಕೊಳ್ಳಲು ನಮ್ಮ ಜಿಲ್ಲೆಯ ತುಂಬ ಕಾರಖಾನೆಗಳಿವೆ. ಕಹಿಸೋರೆಯನ್ನು ಕೊಳ್ಳುವವರು ಬೆರಳೆಣಿಕೆಯ ಮಂದಿ. ಇತ್ತ ವಿದ್ಯುತ್ ತಂಬೂರಿಯೂ ಕೈಯಲ್ಲಿನ ಮೊಬೈಲೂ ಗುಂಡಿ ಒತ್ತಿದೊಡನೆ ಶ್ರುತಿ ಕೊಡುತ್ತವೆ. ಅವು ಅಗ್ಗ, ಅನುಕೂಲ. ಅವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಕೊಳ್ಳುವವರು ಕಡಿಮೆಯಾದರೆ ತಂದೆಯ ಬಳಿ ಜವಾರಿ ಕಲಿಯಲು ಮಗನೇಕೆ ಕುಳಿತಾನು? ಕಿವಿಯಿಂದ ಕಿವಿಗೆ ಬಂದ ವಿದ್ಯೆ ಒಂದು ತಲೆಮಾರು ತಪ್ಪಿದರೆ ಪುಸ್ತಕದಿಂದ ಮರಳಿ ಬಾರದು.

ನಮ್ಮಿಂದಾಗುವುದು ದೊಡ್ಡದೇನಲ್ಲ. ನಮ್ಮ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ತಂಬೂರಿ ಗವಸಿನೊಳಗೆ ಮೂಲೆ ಹಿಡಿದಿದೆ. ಅದನ್ನು ಹೊರತೆಗೆಯೋಣ. ಸೊಲ್ಲಾಪುರದಿಂದ ಕುರ್ಡುವಾಡಿ, ಪಂಢರಪುರಗಳ ಮೇಲೆ ಮಿರಜಿಗೆ ಹೋಗುವ ರೈಲು ಮಾರ್ಗವಿದೆ. ಒಮ್ಮೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಜವಾರಿ ಮಾಡಿಸಿ ತರೋಣ. ದಾರಿಯಲ್ಲಿ ಹೊಲಗಳನ್ನು ತೋರಿಸಿ, “ನಿನ್ನ ತಂಬೂರಿ ಹುಟ್ಟಿದ್ದು ಈ ಸೀಮೆಯಲ್ಲಿ” ಎಂದು ಹೇಳೋಣ. ಮನೆಗೆ ಮರಳಿದ ಮೇಲೆ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮಗುವಿನ ಕೈಯಿಂದಲೇ ನಾಲ್ಕು ತಂತಿಗಳನ್ನು ಮೀಟಿಸೋಣ.