ಮೀನಿನ ತೊಟ್ಟಿಗೆ ಕೈಯಿಡುವ ಮುನ್ನ ಕೈಗವಸು ತೊಡಿ

ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ಕೈಗವಸು ತೊಡಬೇಕೆಂಬ ಮಾತು ರೈತ ಬಾಂಧವರಿಗೆ ಹೊಸದಲ್ಲ. ಆದರೆ ಮನೆಯ ಹಜಾರದಲ್ಲಿ ಅಂದಕ್ಕೆಂದು ಇಟ್ಟ ಮೀನಿನ ಗಾಜಿನ ತೊಟ್ಟಿಗೆ ಕೈ ಹಾಕುವಾಗಲೂ ಕೈಗವಸು ಬೇಕೆಂದರೆ ಹಲವರು ನಕ್ಕಾರು. ತಿಳಿನೀರು, ಬಣ್ಣದ ಮೀನು, ಇದರಲ್ಲಿ ಅಪಾಯವೇನು ಎಂದು ಕೇಳಿಯಾರು. ಅಪಾಯವಿದೆ. ಅದು ಕಣ್ಣಿಗೆ ಕಾಣದಿರುವುದರಿಂದಲೇ ಅದನ್ನು ಮೊದಲು ಅರಿತುಕೊಳ್ಳಬೇಕು.

ಬೆಂಗಳೂರಿನ ಪಶ್ಚಿಮ ಭಾಗದ ನಾಗರಬಾವಿಯನ್ನೇ ನೋಡಿ. ಹಿಂದೆ ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರು ಇಂದು ಬಡಾವಣೆಗಳಿಂದ ತುಂಬಿದೆ. ಇಲ್ಲಿಂದ ಮಂಗಳೂರಿನ ಕಡಲು ಸುಮಾರು 350 ಕಿಲೋಮೀಟರ್ ದೂರ. ಆದರೂ ಇಂಥ ಊರಿನ ಮನೆಯೊಳಗೆ ಒಂದು ಪುಟ್ಟ ಕಡಲನ್ನು ಇಟ್ಟುಕೊಳ್ಳುವುದು ಈಗ ಸಾಧ್ಯ. ತೊಟ್ಟಿ ನೀರಿಗೆಂದೇ ತಯಾರಿಸಿದ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿದರೆ ಕಡಲಿನಷ್ಟೇ ಉಪ್ಪಿನ ನೀರು ಸಿದ್ಧ. 200 ಲೀಟರಿನ ತೊಟ್ಟಿಗೆ 7 ಕಿಲೋ ಲವಣ ಬೇಕಾಗುತ್ತದೆ. ಅದರಲ್ಲಿ ಕಡಲ ಕಲ್ಲು, ಕಡಲ ಮೀನು ಮತ್ತು ಹವಳದ ಜಾತಿಗೆ ಹತ್ತಿರದ ಜೀವಿಗಳನ್ನು ಸಾಕುತ್ತಾರೆ. ಇದನ್ನು ಹವಳದ ತೊಟ್ಟಿ ಎನ್ನೋಣ.

ಇದು ಪಟ್ಟಣದವರ ಹವ್ಯಾಸ, ನಮಗೇಕೆ ಎಂದು ನೀವು ಕೇಳಬಹುದು. ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ, ಮೋಲಿ, ಬಂಗಾರದ ಮೀನುಗಳನ್ನು ಬೆಳೆಸಿ ಪಟ್ಟಣಕ್ಕೆ ಮಾರುವುದು ರೈತರಿಗೂ ಒದಗುವ ಉಪಕಸುಬು. ಕೃಷಿಹೊಂಡದಲ್ಲಿ ಮೀನು ಬಿಟ್ಟವರೂ ಇದ್ದೀರಿ. ತೊಟ್ಟಿ ಗಾಜಿನದಾಗಲಿ ಸಿಮೆಂಟಿನದಾಗಲಿ, ನೀರು ಸಿಹಿಯಾಗಲಿ ಉಪ್ಪಾಗಲಿ, ಕೈಗೆ ಬರುವ ಮುಖ್ಯ ಕಾಯಿಲೆ ಒಂದೇ. ಅಲ್ಲದೆ ಕುಡುಗೋಲು, ಕಳೆ, ಮುಳ್ಳುಬೇಲಿಗಳ ನಡುವೆ ದುಡಿಯುವ ರೈತನ ಕೈಯಲ್ಲಿ ಒಂದಲ್ಲ ಒಂದು ಗೀರು ಸದಾ ಇದ್ದೇ ಇರುತ್ತದೆ. ರೋಗಾಣುವಿಗೆ ಅಷ್ಟು ಬಾಗಿಲು ಸಾಕು.

ಮೀನಿನ ತೊಟ್ಟಿಯ ಗಂಟುರೋಗ

ಕ್ಷಯರೋಗದ ಸೂಕ್ಷ್ಮಾಣುವಿನ ಕುಲಕ್ಕೇ ಸೇರಿದ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಸೂಕ್ಷ್ಮಾಣು ನೀರಿನಲ್ಲಿ ವಾಸಿಸುತ್ತದೆ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಮತ್ಸ್ಯಾಲಯದಲ್ಲಿ ಸತ್ತ ಕಡಲ ಮೀನುಗಳಿಂದ ಇದನ್ನು ಮೊದಲು ಬೇರ್ಪಡಿಸಲಾಯಿತು. 1951ರಲ್ಲಿ ಸ್ವೀಡನ್ನಿನ ಈಜುಕೊಳ ಬಳಸಿದವರ ಚರ್ಮದ ಹುಣ್ಣಿನಲ್ಲಿಯೂ, 1962ರಲ್ಲಿ ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದವರ ಕೈಯಲ್ಲಿಯೂ ಇದರಿಂದ ಬಂದ ಕಾಯಿಲೆ ವರದಿಯಾಯಿತು. ಅಂದಿನಿಂದ ಇದಕ್ಕೆ ಮೀನಿನ ತೊಟ್ಟಿಯ ಗಂಟುರೋಗ ಎಂಬರ್ಥದ ಹೆಸರು ಬಂದಿದೆ.

ಈ ಸೂಕ್ಷ್ಮಾಣು ಚೆನ್ನಾಗಿ ಬೆಳೆಯುವುದು ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ನಮ್ಮ ದೇಹದ ಒಳಗಿನ ಉಷ್ಣತೆ 37 ಡಿಗ್ರಿ. ಆದಕಾರಣ ಅದು ಸಾಮಾನ್ಯವಾಗಿ ಒಳಗಿನ ಅಂಗಗಳಿಗೆ ಇಳಿಯದೆ, ದೇಹದ ತಂಪಾದ ಭಾಗಗಳಾದ ಬೆರಳು, ಅಂಗೈ, ಮುಂಗೈಗಳಲ್ಲಿಯೇ ನೆಲೆಸುತ್ತದೆ. ನೀರಿನಲ್ಲಿ ಮುಳುಗುವುದೂ ಆ ಭಾಗಗಳೇ.

ರೋಗದ ನಡೆ ಬಹಳ ನಿಧಾನ. ತೊಟ್ಟಿ ತೊಳೆದ ದಿನ ಏನೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಮೇಲೆ, ಕೆಲವೊಮ್ಮೆ ತಿಂಗಳುಗಳ ತರುವಾಯ, ಗೀರು ಬಿದ್ದಿದ್ದ ಜಾಗದಲ್ಲಿ ಕೆಂಪು ಅಥವಾ ನೇರಳೆ ಬಣ್ಣದ ಗಂಟು ಏಳುತ್ತದೆ. ಅದು ಒಡೆದು ಹುಣ್ಣಾಗಬಹುದು. ಒಂದರ ಮೇಲೊಂದರಂತೆ ಗಂಟುಗಳು ಮುಂಗೈಯುದ್ದಕ್ಕೂ ಸಾಲಾಗಿ ಏರಬಹುದು. ನೋವು ಹೆಚ್ಚಿರುವುದಿಲ್ಲ, ಜ್ವರವೂ ಅಪರೂಪ. ಹೀಗಾಗಿ ಇದನ್ನು ಕುರುವೆಂದೋ ಕೀಟ ಕಚ್ಚಿದ್ದೆಂದೋ ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕಾಲ ಕಳೆಯುವವರೇ ಹೆಚ್ಚು. ಅಷ್ಟರಲ್ಲಿ ರೋಗ ಆಳಕ್ಕಿಳಿದು ಬೆರಳಿನ ಸ್ನಾಯುರಜ್ಜು ಮತ್ತು ಕೀಲುಗಳನ್ನು ಹಿಡಿಯಬಹುದು. ಆಗ ಬೆರಳು ಮಡಚಲಾಗದು. ಶಸ್ತ್ರಚಿಕಿತ್ಸೆಯೂ ಬೇಕಾದೀತು. ಹಾಲು ಕರೆಯುವ, ಕುಡುಗೋಲು ಹಿಡಿಯುವ ಕೈಗೆ ಇದು ಸಣ್ಣ ನಷ್ಟವಲ್ಲ.

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಔಷಧಿಯಿಂದ ಗುಣವಾಗುತ್ತದೆ. ಆದರೆ ಔಷಧಿಯನ್ನು ವೈದ್ಯರ ಸಲಹೆಯಂತೆ ಹಲವು ತಿಂಗಳು ಬಿಡದೆ ಸೇವಿಸಬೇಕಾಗುತ್ತದೆ. ಗಂಟಿನ ಚೂರನ್ನು ತೆಗೆದು ಪರೀಕ್ಷಿಸುವಾಗಲೂ ಪ್ರಯೋಗಾಲಯದಲ್ಲಿ ಅದನ್ನು 30 ಡಿಗ್ರಿಯಲ್ಲಿ ಬೆಳೆಸಿ ನೋಡಬೇಕು. ವಾಡಿಕೆಯಂತೆ 37 ಡಿಗ್ರಿಯಲ್ಲಿ ಮಾತ್ರ ಇಟ್ಟರೆ ಸೂಕ್ಷ್ಮಾಣು ಕಾಣದೆ ಹೋಗಬಹುದು. ಆದುದರಿಂದ ಕೈಯಲ್ಲಿ ಮಾಯದ ಗಂಟು ಕಂಡಾಗ ವೈದ್ಯರ ಬಳಿ ಹೋಗಿ, ಕೇಳದಿದ್ದರೂ, "ನಾನು ಮೀನಿನ ತೊಟ್ಟಿಯಲ್ಲಿ ಕೆಲಸ ಮಾಡುತ್ತೇನೆ" ಎಂದು ಹೇಳತಕ್ಕದ್ದು. ಈ ಒಂದು ಮಾತು ತಿಂಗಳುಗಳ ಅಲೆದಾಟವನ್ನು ತಪ್ಪಿಸಬಲ್ಲದು.

ಇತರ ಅಪಾಯಗಳು

1. ಬೇಗ ಏರುವ ನಂಜು: ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ, ಸಿಹಿನೀರಿನಲ್ಲಿ ಏರೊಮೊನಾಸ್ ಎಂಬ ಸೂಕ್ಷ್ಮಾಣುಗಳಿರುತ್ತವೆ. ಇವು ಗಾಯಕ್ಕೆ ಸೇರಿದರೆ ಒಂದೆರಡು ದಿನಗಳಲ್ಲಿಯೇ ಕೈ ಊದಿ ಕೆಂಪಾಗಿ ಜ್ವರ ಬರಬಹುದು. ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ ಇದ್ದವರಿಗೆ ಇದು ಪ್ರಾಣಾಪಾಯ ತರಬಹುದು. 1995-96ರ ಚಳಿಗಾಲದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ನಮ್ಮಲ್ಲಿ ಜಿಲೇಬಿ ಮೀನು ಎನ್ನುವ ತಿಲಾಪಿಯಾ ಮೀನನ್ನು ಬರಿಗೈಯಲ್ಲಿ ಹಸನು ಮಾಡಿದ ಕೆಲವರಿಗೆ ಸ್ಟ್ರೆಪ್ಟೊಕಾಕಸ್ ಇನಿಯೇ ಎಂಬ ಸೂಕ್ಷ್ಮಾಣುವಿನಿಂದ ಕೈ ಬಾವು ಬಂದದ್ದು ದಾಖಲಾಗಿದೆ.

2. ಮುಳ್ಳಿನ ವಿಷ: ಕಡಲ ಸಿಂಹಮೀನು, ಮೊಲಮೀನುಗಳ ಈಜುರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ನಮ್ಮ ಕೆರೆಗಳ ಚೇಳುಮೀನಿನ ಮುಳ್ಳೂ ಹಾಗೆಯೇ. ಹೆಸರೇ ಅದನ್ನು ಹೇಳುತ್ತದೆ.

3. ಮೆತ್ತನೆಯ ಜೀವಿಗಳ ವಿಷ: ಹವಳದ ತೊಟ್ಟಿಯ ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂತೆ ಗುಂಪಾಗಿ ಅರಳುವ ಪಾಲಿಥೋವ ಎಂಬ ಜೀವಿಯಿದೆ. ಈ ಬಗೆಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಹವಾಯಿ ದ್ವೀಪಗಳ ಇಂಥ ಜೀವಿಯಿಂದ 1971ರಲ್ಲಿ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಇದು ಗಾಯದ ಮೂಲಕವೂ ಕಣ್ಣಿನ ಮೂಲಕವೂ ಒಳಸೇರಬಲ್ಲದು. ಕಲ್ಲನ್ನು ಕುದಿಸಿದರೆ ಅಥವಾ ಬಿಸಿನೀರಿನಲ್ಲಿ ಉಜ್ಜಿದರೆ ಆವಿ ಮತ್ತು ತುಂತುರಿನೊಡನೆ ಉಸಿರಿಗೂ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಮನೆಯೊಂದರಲ್ಲಿ ತೊಟ್ಟಿ ಸ್ವಚ್ಛಗೊಳಿಸಿದಾಗ ಮನೆಯವರು ಅಸ್ವಸ್ಥರಾಗಿ ಆಸ್ಪತ್ರೆ ಸೇರಬೇಕಾಯಿತು. ಇಂಥ ಕಲ್ಲನ್ನು ಎಂದಿಗೂ ಕುದಿಸಬಾರದು, ಒಣಗಿದ ಮೇಲೆ ಕೆರೆಯಬಾರದು.

4. ಇಲಿಜ್ವರ: ಬಯಲಿನ ತೊಟ್ಟಿ, ಹೊಂಡಗಳಿಗೆ ಇಲಿಯ ಮೂತ್ರ ಸೇರುವುದುಂಟು. ಅದರಲ್ಲಿರುವ ರೋಗಾಣು ಗಾಯದ ಮೂಲಕ ಒಳಹೊಕ್ಕು ಇಲಿಜ್ವರ ತರುತ್ತದೆ. ಇಲ್ಲಿ ಕೈಗವಸಿನ ಜೊತೆಗೆ ರಬ್ಬರ್ ಬೂಟೂ ಬೇಕು.

ಕೈಗವಸಿನ ಆಯ್ಕೆ

ಕೈಗವಸು ನೀರಿನ ಆಳಕ್ಕಿಂತ ಉದ್ದವಾಗಿರಬೇಕು. ಒಂದೂವರೆ ಅಡಿ ಆಳದ ತೊಟ್ಟಿಗೆ ಮಣಿಕಟ್ಟಿನವರೆಗಿನ ಕೈಗವಸು ತೊಟ್ಟರೆ ನೀರು ಒಳನುಗ್ಗಿ ಕೈ ಅದರಲ್ಲಿಯೇ ನೆನೆಯುತ್ತದೆ. ಇದಕ್ಕಿಂತ ಬರಿಗೈಯೇ ಮೇಲು ಎನ್ನಬೇಕಾದೀತು. ಆಳದ ತೊಟ್ಟಿಗೆ ತೋಳಿನವರೆಗೆ ಬರುವ ಕೈಗವಸನ್ನೂ, ಮೀನಿಗೆ ಆಹಾರ ಹಾಕುವುದು, ಸತ್ತ ಮೀನು ತೆಗೆಯುವುದು ಮುಂತಾದ ಸಣ್ಣ ಕೆಲಸಕ್ಕೆ ಒಮ್ಮೆ ಬಳಸಿ ಬಿಸುಡುವ ನೈಟ್ರೈಲ್ ಕೈಗವಸನ್ನೂ ಇಟ್ಟುಕೊಳ್ಳಿ. ಲೇಟೆಕ್ಸ್ ರಬ್ಬರು ಕೆಲವರ ಮೈಗೆ ಒಗ್ಗುವುದಿಲ್ಲ. ಅಂಥವರಿಗೂ ನೈಟ್ರೈಲ್ ಒಳ್ಳೆಯದು. ಪುಡಿ ಸವರಿದ ಕೈಗವಸು ಬೇಡ, ಪುಡಿ ನೀರಿಗೆ ಸೇರುತ್ತದೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಕೀಟನಾಶಕ ಸಿಂಪಡಿಸಲು ಬಳಸಿದ ಕೈಗವಸನ್ನು, ಎಷ್ಟೇ ತೊಳೆದಿದ್ದರೂ, ಮೀನಿನ ತೊಟ್ಟಿಗೆ ಬಳಸಕೂಡದು. ಸೈಪರ್‌ಮೆತ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನು, ಸೀಗಡಿಗಳಿಗೆ ಮಾರಕ. ಎರಡು ಜೊತೆ ಕೈಗವಸುಗಳು ಬೇರೆ ಬೇರೆ ಬಣ್ಣದವಾಗಿರಲಿ, ಬೇರೆ ಬೇರೆ ಕಡೆ ತೂಗುಹಾಕಿರಲಿ. ಕೈಗವಸು ನಮ್ಮನ್ನು ನೀರಿನಿಂದ ಕಾಪಾಡುವಂತೆ, ನಮ್ಮ ಕೈಯ ಸಾಬೂನು, ಎಣ್ಣೆ, ಔಷಧಿಗಳಿಂದ ಮೀನನ್ನೂ ಕಾಪಾಡುತ್ತದೆ.

ಬಳಸುವ ಕ್ರಮ

1. ಕೆಲಸಕ್ಕೆ ಮುನ್ನ ಕೈಗಳನ್ನು ನೋಡಿಕೊಳ್ಳಿ. ಹಸಿಗಾಯವಿದ್ದರೆ ಆ ದಿನದ ಕೆಲಸವನ್ನು ಬೇರೆಯವರಿಗೆ ವಹಿಸಿ.

2. ಕೈಗವಸಿನೊಳಕ್ಕೆ ಗಾಳಿ ತುಂಬಿ ಬಾಯಿಯನ್ನು ತಿರುಚಿ ಹಿಡಿದು ಒತ್ತಿ ನೋಡಿ. ಗಾಳಿ ಸೋರಿದರೆ ಅದನ್ನು ಬಿಸುಡಿ.

3. ತೊಟ್ಟಿಯ ಪಂಪು, ಹೀಟರುಗಳ ವಿದ್ಯುತ್ ಪ್ಲಗ್ಗನ್ನು ಕಿತ್ತ ಮೇಲೆಯೇ ಕೈ ಹಾಕಿ. ಸಾಮಾನ್ಯ ಕೈಗವಸು ವಿದ್ಯುದಾಘಾತದಿಂದ ಕಾಪಾಡುವುದೆಂದು ನಂಬಬೇಡಿ.

4. ಮುಳ್ಳಿನ ಮೀನನ್ನು ಕೈಗವಸು ತೊಟ್ಟ ಕೈಯಿಂದಲೂ ಹಿಡಿಯಬೇಡಿ. ತೆಳು ಕೈಗವಸನ್ನು ಮುಳ್ಳು ತೂರಿ ಬರುತ್ತದೆ. ಬಲೆ ಅಥವಾ ಡಬ್ಬಿಯಿಂದ ಹಿಡಿಯಿರಿ.

5. ಕಲ್ಲು ಅಲುಗಿಸುವಾಗ, ಪಾಚಿ ಉಜ್ಜುವಾಗ ಕನ್ನಡಕವನ್ನೂ ಧರಿಸಿ. ಕೈಗವಸು ತೊಟ್ಟ ಕೈಯಿಂದ ಕಣ್ಣು, ಬಾಯಿ ಮುಟ್ಟಿಕೊಳ್ಳಬೇಡಿ.

6. ನೀರು ತೆಗೆಯಲು ಕೊಳವೆಯನ್ನು ಬಾಯಿಯಿಂದ ಹೀರಬಾರದು. ತೊಟ್ಟಿಯ ಸಾಮಾನುಗಳನ್ನು ಅಡಿಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು.

7. ಕೆಲಸ ಮುಗಿದ ಮೇಲೆ ಕೈಗವಸಿನ ಹೊರಮೈಯನ್ನು ಸಿಹಿನೀರಿನಲ್ಲಿ ತೊಳೆದು, ಒಳಮೈ ಹೊರಗೆ ಬರುವಂತೆ ಕಳಚಿ, ನೆರಳಿನಲ್ಲಿ ಒಣಗಿಸಿ. ಅನಂತರ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ.

8. ಸೊರಗಿದ, ಬೆನ್ನು ಬಾಗಿದ, ಮೈಮೇಲೆ ಹುಣ್ಣಾದ ಮೀನುಗಳಿರುವ ತೊಟ್ಟಿಗೆ ಬೇರೆಯೇ ಕೈಗವಸು, ಬೇರೆಯೇ ಬಲೆ ಇರಲಿ. ಅಂಥ ಮೀನಿನಲ್ಲಿ ಮೇಲೆ ಹೇಳಿದ ಗಂಟುರೋಗದ ಸೂಕ್ಷ್ಮಾಣುವೇ ಇರಬಹುದು.

ಪ್ರಥಮ ಚಿಕಿತ್ಸೆ

ಗೀರಾದರೆ ಕೂಡಲೇ ಕೈ ಹೊರತೆಗೆದು ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಗಾಯ ಮಾಯುವವರೆಗೆ ಆ ಕೈಯನ್ನು ತೊಟ್ಟಿಗೆ ಹಾಕಬೇಡಿ. ಧನುರ್ವಾಯು ನಿರೋಧಕ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ತಿಳಿಸಿ.

ಮೀನಿನ ಮುಳ್ಳು ಚುಚ್ಚಿದರೆ ಸುಮಾರು 45 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಆ ಭಾಗವನ್ನು 30ರಿಂದ 90 ನಿಮಿಷ ಮುಳುಗಿಸಿಡಿ. ಈ ವಿಷ ಕಾವಿಗೆ ಕೆಡುವುದರಿಂದ ನೋವು ಇಳಿಯುತ್ತದೆ. ಚುಚ್ಚಿದ ಕೈಗೆ ಸುಡುವುದು ತಿಳಿಯದೆ ಹೋಗಬಹುದು, ಆದ್ದರಿಂದ ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿಕೊಳ್ಳಬೇಕು. ಮುರಿದ ಮುಳ್ಳು ಒಳಗೆ ಉಳಿದಿದ್ದರೆ, ಊತ ಏರುತ್ತಿದ್ದರೆ, ಜ್ವರ ಬಂದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಾನೂನಿನ ಮಾತು

ಹವಳದ ತೊಟ್ಟಿ ಇಡುವವರೂ, ಅದಕ್ಕೆ ಸಾಮಾನು ಒದಗಿಸುವವರೂ ಇನ್ನೊಂದು ವಿಷಯ ತಿಳಿದಿರಬೇಕು. ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಹಾಗೂ ಕಡಲಕುದುರೆಗಳನ್ನು 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇದ್ದಂಥ ರಕ್ಷಣೆ ಆಗ ಇವಕ್ಕೂ ದೊರೆಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದಲ್ಲಿಯೂ ಹವಳಗಳಿವೆ. ಅವು ಅಲ್ಲಿಯೇ ಇರತಕ್ಕವು. ಅವನ್ನು ಕಿತ್ತು ತರುವುದೂ ಮಾರುವುದೂ ಅಪರಾಧ.

ಮೀನು ಸಾಕುವುದು ಹೆದರಿ ಬಿಡಬೇಕಾದ ಕೆಲಸವಲ್ಲ. ಮಕ್ಕಳಿಗೆ ಸಂತೋಷ, ಮನೆಗೆ ಅಂದ, ಬೆಳೆಸಿ ಮಾರುವವರಿಗೆ ಆದಾಯ ಎಲ್ಲವೂ ಇದರಲ್ಲಿದೆ. ನೀರಿನ ಈ ಕಾಯಿಲೆಗಳು ಎಲ್ಲರಿಗೂ ಬರುವಂಥವೂ ಅಲ್ಲ. ಆದರೆ ಬಂದಾಗ ಕಳೆದುಹೋಗುವುದು ತಿಂಗಳುಗಳ ದುಡಿಮೆ, ಕೆಲವೊಮ್ಮೆ ಬೆರಳಿನ ಶಕ್ತಿ. ತೊಟ್ಟಿಯ ಪಕ್ಕದ ಗೋಡೆಗೆ ಇಂದೇ ಒಂದು ಮೊಳೆ ಹೊಡೆದು ಒಂದು ಜೊತೆ ಉದ್ದನೆಯ ಕೈಗವಸು ತೂಗುಹಾಕಿ. ಮನೆಯವರೆಲ್ಲರಿಗೂ, ಅದರಲ್ಲಿಯೂ ಮೀನಿಗೆ ಆಹಾರ ಹಾಕಲು ಓಡಿಬರುವ ಮಕ್ಕಳಿಗೆ, ಅದು ಅಲ್ಲಿ ಏಕಿದೆಯೆಂದು ತಿಳಿಸಿ ಹೇಳಿ.